ಅರುವತ್ತಕ್ಕೆ ನಿಲ್ಲದ ಪರದೆ

ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 60 ಸಲ ತನ್ನ ಚಿತ್ರವನ್ನು ಹೊಸದಾಗಿ ಬರೆದುಕೊಳ್ಳುತ್ತದಂತೆ. ಇದು ಗೊತ್ತಿಲ್ಲವೆಂದು ಮುಂಡಾಜೆಯಲ್ಲಿ ಯಾರಿಗೂ ನಿದ್ದೆ ಕೆಟ್ಟದ್ದಿಲ್ಲ. ಮಳೆಗಾಲದಲ್ಲಿ ನಮ್ಮ ನಿದ್ದೆ ಕೆಡಿಸಲು ಬೇರೆ ಸಂಗತಿಗಳು ಬೇಕಾದಷ್ಟಿವೆ. ಅಡಿಕೆಗೆ ಎರಡನೇ ಸುತ್ತಿನ ಮದ್ದು ಬಿಡಲು ಮಳೆ ಯಾವಾಗ ಹೊಳವಾಗುತ್ತದೆ, ಮೃತ್ಯುಂಜಯ ಹೊಳೆ ಎಲ್ಲಿಯವರೆಗೆ ಬಂತು, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಬಸ್ಸು ಮೇಲೆಯೇ ಬಾಕಿಯಾಯಿತೋ, ಹೀಗೆ. ಇದರ ನಡುವೆ 60 ಸಲವಾದರೇನು, 75 ಸಲವಾದರೇನು?

ಆದರೆ ನನ್ನ ಅಳಿಯನಿಗೆ, ಅಂದರೆ ಅಕ್ಕನ ಮಗನಿಗೆ, ಆ 15ರ ವ್ಯತ್ಯಾಸ ತಲೆಗೆ ಹತ್ತಿತು. ಕೊರೊನಾ ಕಾಲದಲ್ಲಿ ಬೆಂಗಳೂರಿನ ಕೆಲಸವನ್ನು ಬೆನ್ನಚೀಲದಲ್ಲಿ ಊರಿಗೆ ತಂದವ ಅವನು. ಈಗಲೂ ವರ್ಷದಲ್ಲಿ ಅರ್ಧ ಭಾಗ ನಮ್ಮ ಚಾವಡಿಯಲ್ಲೇ ಅವನ ಆಫೀಸು. ಸೋಮಂತಡ್ಕದ ಕಡೆಯಿಂದ ಕಂಬ ಕಂಬ ದಾಟಿ ಬರುವ ಫೈಬರ್ ಕೇಬಲಿನ ಮೇಲೆ ತೆಂಗಿನ ಮಡಲು ಬಿದ್ದ ದಿನ ಅವನಿಗೆ ರಜೆ. ಅಂಥ ರಜೆಗಳಲ್ಲಿ ಅವನು ಆಫೀಸಿನದ್ದನ್ನು ಮುಚ್ಚಿಟ್ಟು ಸ್ವಂತ ಲ್ಯಾಪ್‌ಟಾಪನ್ನು ಕೆಣಕಲು ಕೂತುಕೊಳ್ಳುತ್ತಾನೆ.

ಯಂತ್ರವೊಂದನ್ನು ತಯಾರಕರು ಬರೆದುಕೊಟ್ಟ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ ಓವರ್‌ಕ್ಲಾಕ್ ಮಾಡುವುದು ಎನ್ನುತ್ತಾರೆ. 1998ರಲ್ಲಿ ಇಂಟೆಲ್ ಕಂಪೆನಿ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪನ್ನು ಮಾರುಕಟ್ಟೆಗೆ ಬಿಟ್ಟಾಗ, ಕೈ ತುರಿಕೆಯವರು ಅದನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಏರಿಸಿ ದುಬಾರಿ ಚಿಪ್ಪಿನ ಕೆಲಸ ಮಾಡಿಸಿಕೊಂಡರು. ಇದು ಸಾಧ್ಯವಾಗುವುದಕ್ಕೆ ಕಾರಣ ಸರಳ. ಸಾವಿರಾರು ತುಂಡುಗಳಲ್ಲಿ ಅತ್ಯಂತ ದುರ್ಬಲವಾದದ್ದೂ ದೂರು ತಾರದೆ ಓಡಬೇಕಲ್ಲ, ಅದಕ್ಕೆ ಸರಿಯಾಗಿ ಕಂಪೆನಿಯವರು ಅಂಕಿ ಬರೆಯುತ್ತಾರೆ. ಗಟ್ಟಿ ತುಂಡು ಸಿಕ್ಕಿದವನ ಅದೃಷ್ಟ ಅವನದ್ದು.

ಪರದೆಯ ವಿಷಯವೂ ಹಾಗೆಯೇ. ಪ್ರತಿ ಪರದೆಯೊಳಗೂ 128 ಬೈಟಿನ ಒಂದು ಜಾತಕ ಇರುತ್ತದೆ, ಹೆಸರು ಇಡಿಐಡಿ. ತಯಾರಿಸಿದವರು ಯಾರು, ಯಾವ ವರ್ಷದ ಎಷ್ಟನೇ ವಾರದಲ್ಲಿ ಹುಟ್ಟಿದ್ದು, ಉದ್ದಗಲ ಎಷ್ಟು, ಯಾವ ವೇಗದ ಚಿತ್ರ ಕೂಡಿಬರುತ್ತದೆ ಎಲ್ಲವೂ ಅದರಲ್ಲಿದೆ. ಲ್ಯಾಪ್‌ಟಾಪು ಹೊತ್ತಿಕೊಂಡ ಕೂಡಲೇ ಗ್ರಾಫಿಕ್ಸ್ ಚಿಪ್ಪು ಮೊದಲು ಕೇಳುವುದು ಇದನ್ನೇ. ಟೋಸ್ಟಿಎಕ್ಸ್ ಎಂಬ ಹೆಸರಿನವರು ಬರೆದ ಕಸ್ಟಮ್ ರೆಸಲ್ಯೂಷನ್ ಯುಟಿಲಿಟಿ ಎಂಬ ಸಣ್ಣ ತಂತ್ರಾಂಶವಿದೆ. ಅದು ಪರದೆಯೊಳಗಿನ ಜಾತಕಕ್ಕೆ ಕೈ ಹಾಕುವುದಿಲ್ಲ. ವಿಂಡೋಸ್‌ನ ಕಡತದಲ್ಲಿ ತಿದ್ದಿದ ಇನ್ನೊಂದು ಪ್ರತಿ ಇಟ್ಟು, ಇದನ್ನೇ ನಂಬು ಎನ್ನುತ್ತದೆ. ನಮ್ಮ ಕಡೆ ಹುಡುಗನ ಮೂಲಾನಕ್ಷತ್ರ ಮುಚ್ಚಿಟ್ಟು ಮದುವೆ ಮಾಡಿಸಿದವರು ಇದ್ದಾರೆ, ಸಂಸಾರ ಚೆನ್ನಾಗಿಯೇ ನಡೆದಿದೆ.

ಇಷ್ಟೇ ಆಗಿದ್ದರೆ ನಾನು ಈ ಗೊಡವೆಗೆ ಹೋಗುತ್ತಿರಲಿಲ್ಲ. ನಡುವೆ ಬಂದವರು ನೆರೆಕರೆಯ ಮದ್ದಳೆಗಾರರು. ಮೇಳದ ತಿರುಗಾಟ ಬಿಟ್ಟು ಕಾಲವಾಯಿತು, ಕಿವಿ ಮಾತ್ರ ಇನ್ನೂ ರಂಗಸ್ಥಳದಲ್ಲೇ ಇದೆ. ಸಂಜೆ ಚಾ ಕುಡಿಯಲು ಬಂದವರಿಗೆ ಅಳಿಯ ಯಾವುದೋ ಯಕ್ಷಗಾನದ ವಿಡಿಯೋ ಹಾಕಿ ಕೊಟ್ಟಿದ್ದ. ಏರುಪದಕ್ಕೆ ಪುಂಡುವೇಷ ಧೀಂಗಿಣ ಹಾಕುವ, ಅಂದರೆ ಗಿರಕಿ ಹೊಡೆಯುವ ಜಾಗ. ಅವರು ಲೋಟ ಕೆಳಗಿಟ್ಟು ಹೇಳಿದರು: “ಮಾಣೀ, ಚೆಂಡೆ ಸರಿ ಇದೆ. ವೇಷ ತಾಳಕ್ಕೆ ಬೀಳುವುದಿಲ್ಲ.”

“ನೆಟ್ ಸ್ಲೋ ಇರಬೇಕು, ಮಾವ.”

“ನೆಟ್ ಎಂತಕ್ಕೆ? ನೆಟ್ ಆದರೆ ನಿಂತು ಹೋಗುತ್ತದೆ. ಇದು ಸಣ್ಣಕ್ಕೆ ಕುಂಟುವುದು.”

ಅಳಿಯ ನಕ್ಕ. ಆಮೇಲೆ ವಿಡಿಯೋದ ವಿವರ ತೆರೆದು ನೋಡಿದವನು ನಗು ನಿಲ್ಲಿಸಿದ. ಆ ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರ. ಪರದೆ ಬದಲಾಗುವುದು 60 ಸಲ. ಒಂದೊಂದು ಚಿತ್ರಕ್ಕೆ 2.4 ಸರದಿ ಬರಬೇಕು, ಆದರೆ ಪರದೆಗೆ ಮುರಿದ ಸರದಿ ಗೊತ್ತಿಲ್ಲ. ಹಾಗಾಗಿ ಒಂದು ಚಿತ್ರ ಎರಡು ಸರದಿ ನಿಲ್ಲುತ್ತದೆ, ಮುಂದಿನದು ಮೂರು, ಮತ್ತೆ ಎರಡು, ಮತ್ತೆ ಮೂರು, ಪುನಃ ಎರಡು. ಒಂದಕ್ಕೆ 33 ಮಿಲಿಸೆಕೆಂಡು ಸಿಕ್ಕಿದರೆ ಪಕ್ಕದ್ದಕ್ಕೆ 50. ಕೂತು ಮಾತಾಡುವ ದೃಶ್ಯದಲ್ಲಿ ಇದು ಯಾರಿಗೂ ಕಾಣದು. ಗಿರಕಿ ಹೊಡೆಯುವ ವೇಷದಲ್ಲಿ, ಅದೂ ಜೀವಮಾನವಿಡೀ ಹೆಜ್ಜೆಗೆ ಮದ್ದಳೆ ನುಡಿಸಿದವರಿಗೆ, ಕಾಣದಿರುವುದು ಹೇಗೆ? ಪರದೆಯ ರೋಗವನ್ನು ಮೀಟರು ಇಲ್ಲದೆ ಹಿಡಿದ ಆ ಕಣ್ಣಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

25 ಎಲ್ಲಿಂದ ಬಂತು, 60 ಎಲ್ಲಿಂದ ಬಂತು ಎಂದು ಕೇಳಿದರೆ ಮಾತು ಕರೆಂಟಿನ ಕಂಬಕ್ಕೆ ಹೋಗಿ ನಿಲ್ಲುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ, ಅಮೆರಿಕದ್ದು 60 ಸಲ. ಟಿ.ವಿ. ಹುಟ್ಟಿದ ಕಾಲದಲ್ಲಿ ಚಿತ್ರದ ವೇಗ ಕರೆಂಟಿನ ವೇಗಕ್ಕೆ ಹೊಂದದಿದ್ದರೆ ಪರದೆಯ ಮೇಲೆ ಪಟ್ಟೆ ತೆವಳುತ್ತಿತ್ತು. ಅದಕ್ಕಾಗಿ ಅಮೆರಿಕದವರು 60 ಹಿಡಿದರು. ಯುರೋಪು ಮತ್ತು ನಮ್ಮ ದೂರದರ್ಶನ 625 ಗೆರೆಗಳ, 25 ಚಿತ್ರಗಳ ಪದ್ಧತಿಗೆ ಹೋದವು. ಒಂದು ಚಿತ್ರವನ್ನು ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತಿನಲ್ಲಿ ಕಳಿಸಿದರೆ 50. ಕಂಪ್ಯೂಟರಿನ ಲೋಕ ಅಮೆರಿಕದ ಜಾಡಿನಲ್ಲಿ ಬೆಳೆದದ್ದು. ನಮ್ಮ ಕಡೆಯ ವಿಡಿಯೋದವರ ಕ್ಯಾಮೆರಾ ಮದುವೆಗೂ ಆಟಕ್ಕೂ ಇವತ್ತಿಗೂ 25 ಇಲ್ಲವೇ 50ರಲ್ಲಿ ಓಡುವುದು ಸಾಮಾನ್ಯ. ಹಾಗೆ ಬೆಳ್ತಂಗಡಿ ತಾಲೂಕಿನ ಬಯಲಾಟ ಅಮೆರಿಕದ ಕರೆಂಟಿನ ಲೆಕ್ಕಕ್ಕೆ ಕುಣಿಯಬೇಕಾಗಿ ಬಂದಿದೆ.

ಈ 50ರ ಬಗ್ಗೆ ಇನ್ನೊಂದು ಮಾತು. ದಕ್ಷಿಣ ಭಾರತದ ವಿದ್ಯುತ್ ಜಾಲ ಬಹುಕಾಲ ದೇಶದ ಉಳಿದ ಜಾಲದ ಜತೆ ಒಂದೇ ಲಯದಲ್ಲಿ ಇರಲಿಲ್ಲ. 2013ರ ದಶಂಬರ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಲೈನು ಜೋಡಿಸಿದ ಮೇಲೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಮಿಡಿತ. ಅದು 49.90ರಿಂದ 50.05ರ ಒಳಗೆ ಇರಬೇಕೆಂಬುದು ಈಗಿನ ನಿಯಮ. ನಮ್ಮಲ್ಲಿ ತೋಟದ ಪಂಪುಗಳು ಒಟ್ಟಿಗೆ ಚಾಲೂ ಆದಾಗ ಬಲ್ಬು ಮಿಣುಕುಹುಳವಾಗುತ್ತದೆ, ಫ್ಯಾನು ಗಾಳಿಯ ಬದಲು ಸದ್ದು ಕೊಡುತ್ತದೆ. ಆಗಲೂ ಸೋತದ್ದು ವೋಲ್ಟೇಜು. 50 ಅಲ್ಲಾಡಿರುವುದಿಲ್ಲ. ಮೆಸ್ಕಾಂ ಲೈನ್‌ಮ್ಯಾನಿಗೆ ಬೈಯುವಾಗ ಇಷ್ಟು ನ್ಯಾಯ ನೆನಪಿರಬೇಕು.

ಸರಿ, 25ನ್ನು ಮೂರರಿಂದ ಗುಣಿಸಿದರೆ 75. ಪ್ರತಿ ಚಿತ್ರಕ್ಕೂ ಸರಿಯಾಗಿ ಮೂರು ಸರದಿ, ಕುಂಟು ಮಾಯ. ಇದು ಹೊಸ ಬುದ್ಧಿಯೂ ಅಲ್ಲ. ಟಾಕೀಸಿನ ಪ್ರೊಜೆಕ್ಟರು 24 ಚಿತ್ರದ ರೀಲನ್ನು ಓಡಿಸುವಾಗ ಪ್ರತಿ ಚಿತ್ರವನ್ನು ರೆಕ್ಕೆಯಿಂದ ಎರಡು ಅಥವಾ ಮೂರು ಸಲ ಕತ್ತರಿಸಿ ತೋರಿಸುತ್ತಿತ್ತು, ಬೆಳಕು ಮಿಣುಕದಿರಲೆಂದು. ಅಳಿಯ ವರ್ಷಗಟ್ಟಲೆ ಗೇಮಿಗಾಗಿ 75ರ ಆಸೆ ಇಟ್ಟುಕೊಂಡಿದ್ದವನು. ಈಗ ಅದಕ್ಕೊಂದು ಸಾತ್ವಿಕ ಕಾರಣ ಸಿಕ್ಕಿತು.

ಲೆಕ್ಕವನ್ನು ಅವನು ನನಗೆ ಕೋಟಿಯಲ್ಲಿ ಹೇಳಿದ. ಅಡಿಕೆಯವರಿಗೆ ಮೆಗಾ, ಗಿಗಾ ತಿಳಿಯುವುದಿಲ್ಲ ಎಂಬ ಭಾವನೆ ಇರಬೇಕು. ಪರದೆಯಲ್ಲಿ ಅಡ್ಡಕ್ಕೆ 1920, ನೀಟಕ್ಕೆ 1080 ಚುಕ್ಕಿ. ಆದರೆ 60ರ ವೇಗಕ್ಕೆ ತಂತಿಯಲ್ಲಿ ಹರಿಯುವ ಲೆಕ್ಕದಲ್ಲಿ ಅಡ್ಡಕ್ಕೆ 2080, ನೀಟಕ್ಕೆ 1111. ಹೆಚ್ಚುವರಿಯವು ಕಾಣದ, ಖಾಲಿ ಚುಕ್ಕಿಗಳು. ಹಳೆಯ ಡಬ್ಬಿ ಟಿ.ವಿ.ಯಲ್ಲಿ ಎಲೆಕ್ಟ್ರಾನಿನ ಕಿರಣ ಒಂದು ಗೆರೆ ಮುಗಿಸಿ ಬಲದಿಂದ ಎಡಕ್ಕೆ, ಒಂದು ಚಿತ್ರ ಮುಗಿಸಿ ಕೆಳಗಿನಿಂದ ಮೇಲಕ್ಕೆ ಹಿಂತಿರುಗಲು ಬಿಡುವು ಬೇಕಿತ್ತು. ಈಗ ಕಿರಣವೂ ಇಲ್ಲ, ಹಿಂತಿರುಗುವವರೂ ಇಲ್ಲ, ಬಿಡುವು ಮಾತ್ರ ಉಳಿದಿದೆ. ಸರಕಾರಿ ಕಚೇರಿಗಳಲ್ಲಿ ಅಂಥ ಹುದ್ದೆಗಳನ್ನು ನಾವು ಕಂಡಿದ್ದೇವೆ. ಮೊದಲು ಈ ಖಾಲಿ ಜಾಗ ಇನ್ನೂ ದೊಡ್ಡದಿತ್ತಂತೆ, 2200ಕ್ಕೆ 1125. ಅದನ್ನು ಕತ್ತರಿಸಿದಷ್ಟೂ ಅದೇ ತಂತಿಯಲ್ಲಿ ಹೆಚ್ಚು ಚಿತ್ರ ಹೋಗುತ್ತದೆ.

60ಕ್ಕೆ ಸೆಕೆಂಡಿಗೆ 13.85 ಕೋಟಿ ಚುಕ್ಕಿ. 75ಕ್ಕೆ 17.45 ಕೋಟಿ. ಒಂದು ಚುಕ್ಕಿಗೆ 24 ಬಿಟ್ಟಿನಂತೆ ಸುಮಾರು 419 ಕೋಟಿ ಬಿಟ್ಟು. ಅವನ ಲ್ಯಾಪ್‌ಟಾಪಿನ ಹೊಟ್ಟೆಯಿಂದ ಪರದೆಗೆ ಹೋಗುವ ಎರಡು ದಾರಿ ಸೇರಿ ಹೊರಬಲ್ಲದ್ದು 432 ಕೋಟಿ. “ಹದಿಮೂರು ಕೋಟಿ ಬಾಕಿ, ಮಾವ!” ಎಂದ. ಯಾರದ್ದೋ ಬ್ಯಾಂಕು ಖಾತೆಯ ಮಾತು ಎಂದುಕೊಂಡು ಒಳಗಿನಿಂದ ನನ್ನ ಹೆಂಡತಿ ಇಣುಕಿದಳು.

ಮೆಲ್ಲಗೆ ಏರಿಸುತ್ತ 75ಕ್ಕೆ ಬಂದ, ಪರದೆ ತಕರಾರು ಮಾಡಲಿಲ್ಲ. ಅಲ್ಲಿಗೆ ಬಿಡಬಹುದಿತ್ತು. ಹುಡುಗರಲ್ಲವೇ, 80 ಹಾಕಿದ. ಪರದೆ ಕಪ್ಪಾಯಿತು. 80ಕ್ಕೆ 448 ಕೋಟಿ ಬೇಕೆಂದು ತಾನೇ ಬರೆದಿಟ್ಟ ಕಾಗದ ಎದುರಿಗೇ ಇತ್ತು. “ಹಾಳಾಯಿತಾ?” ಎಂದಳು ಅವನ ಅತ್ತೆ. ಅವನು ಅಲ್ಲಾಡದೆ ಕೂತಿದ್ದ. ಹೊಸ ಅಂಕಿಗೆ ಹೂಂ ಎನ್ನುವವರು ಇಲ್ಲದಿದ್ದರೆ ವಿಂಡೋಸ್ 15 ಸೆಕೆಂಡು ಕಾದು ತಾನಾಗಿ ಹಳೆಯದಕ್ಕೆ ಮರಳುತ್ತದೆ. ಮರಳಿತು. ಗಾಜಿನ ಕೊಳವೆಯ ಮಾನಿಟರುಗಳ ಕಾಲದಲ್ಲಿ ತಪ್ಪು ಅಂಕಿ ಕೊಟ್ಟರೆ ಮಾನಿಟರೇ ಹೋಗುವ ಭಯವಿತ್ತು. ಈಗಿನವು ಹೆಚ್ಚಾಗಿ ಆಗದಿದ್ದರೆ ಆಗದು ಎನ್ನುತ್ತವೆ, ಇಲ್ಲವೇ ಗೆರೆ ಎಳೆದು ತೋರಿಸುತ್ತವೆ. ವಾರಂಟಿ ಇದೆಯೆಂದು ನಂಬಿ ಮಾಡುವ ಕೆಲಸವಂತೂ ಅಲ್ಲ.

ಅವನಿಗೆ ಇನ್ನೊಂದು ಅನುಮಾನ. ಕೆಲವು ಪರದೆಗಳು 75ಕ್ಕೆ ತಲೆಯಾಡಿಸಿ ಒಳಗಿಂದೊಳಗೆ ಕೆಲವು ಚಿತ್ರಗಳನ್ನು ನುಂಗಿಬಿಡುತ್ತವಂತೆ. ಅದನ್ನು ಹಿಡಿಯುವ ಉಪಾಯ ನನಗೆ ಬಹಳ ಹಿಡಿಸಿತು. ಪರದೆಯ ಮೇಲೆ ಚೌಕಗಳ ಸಾಲು; ಒಂದೊಂದು ಸರದಿಗೆ ಒಂದೊಂದು ಚೌಕ ಬೆಳಗುತ್ತ ಓಡುತ್ತದೆ. ಮೊಬೈಲಿನ ಕ್ಯಾಮೆರಾವನ್ನು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿಟ್ಟು ಫೋಟೋ ತೆಗೆಯಬೇಕು. ಏಳೋ ಎಂಟೋ ಚೌಕ ಒತ್ತೊತ್ತಾಗಿ ಬಂದರೆ ಪ್ರಾಮಾಣಿಕ ಪರದೆ. ನಡುವೆ ಹಲ್ಲು ಬಿದ್ದಿದ್ದರೆ ಕಳ್ಳ. ನಮ್ಮದು ಪ್ರಾಮಾಣಿಕ.

ಇಷ್ಟರಿಂದ ಸಿಕ್ಕಿದ್ದೇನು? ಒಂದು ಚಿತ್ರದ ಆಯುಸ್ಸು 16.7 ಮಿಲಿಸೆಕೆಂಡಿನಿಂದ 13.3ಕ್ಕೆ ಇಳಿಯಿತು. ಮೌಸಿನ ಬಾಣ ಬೆಣ್ಣೆಯಾಗಿದೆ ಎಂದು ಅವನು ಹೇಳುತ್ತಾನೆ, ನನ್ನ ಕಣ್ಣಿಗೆ ಅದು ಮೊದಲಿನ ಬಾಣವೇ. ಅಂಗಡಿಯಲ್ಲಿ ಈಗ 144, 240ರ ಲ್ಯಾಪ್‌ಟಾಪುಗಳನ್ನು ಗುಡ್ಡೆ ಹಾಕಿದ್ದಾರೆ. ಆದರೆ ಸಾಧಾರಣ ಪರದೆಯೊಳಗಿನ ದ್ರವಹರಳು ಕಪ್ಪಿನಿಂದ ಬಿಳಿಗೆ ತಿರುಗಲು 25–30 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಹರಳು ಹೊರಳುವ ಮೊದಲೇ ಮುಂದಿನ ಅಪ್ಪಣೆ ಬಂದರೆ ಅದೇನು ಮಾಡೀತು? ಅಂಥ ಪರದೆಗೆ ಅಂಕಿ ಏರಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಭಾಗಿಸಿದಾಗ ಶೇಷ ಉಳಿಯದ ಅಂಕಿ ಬೇಕು, ಅಷ್ಟೆ. ಮದ್ದಳೆಗಾರರು 75ರಲ್ಲಿ ಆ ಧೀಂಗಿಣವನ್ನು ನೋಡಿ “ಈಗ ಬಿತ್ತು” ಎಂದರು. ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿದ ಮೇಲೆ ಧೀಂಗಿಣವೂ ಲೆಕ್ಕಕ್ಕಿಂತ ಹೆಚ್ಚಾಗಿದೆ ಎಂದು ಒಂದು ದೂರನ್ನೂ ಸೇರಿಸಿದರು. ಅದಕ್ಕೆ ಅಳಿಯನಲ್ಲಿ ತಂತ್ರಾಂಶ ಇರಲಿಲ್ಲ.

ಮರುವಾರ ಅವರು ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ಟು ತಂದರು, ತಾವೇ ಮದ್ದಳೆಗೆ ಕೂತಿದ್ದ ಆಟದ್ದು. ಅಳಿಯ ಅದನ್ನು ಉಜಿರೆಯಲ್ಲಿ ಒಬ್ಬರಿಂದ ಕಂಪ್ಯೂಟರಿಗೆ ಇಳಿಸಿಕೊಂಡು ಬಂದ. ಕ್ಯಾಸೆಟ್ಟಿನಲ್ಲಿ ಬೆಸ ಗೆರೆ, ಸಮ ಗೆರೆಯ ಆ ಹಳೆಯ ಕಂತಿನ ವ್ಯವಹಾರ. ಬಿಡಿಸಿದರೆ ಸೆಕೆಂಡಿಗೆ 50 ಚಿತ್ರ. 75ನ್ನು 50ರಿಂದ ಭಾಗಿಸಿದರೆ ಒಂದೂವರೆ, ಮತ್ತೆ ಕುಂಟು. 100ಕ್ಕೆ ಏರುವಷ್ಟು ದಾರಿ ತಂತಿಯಲ್ಲಿಲ್ಲ. ಉಳಿದದ್ದು 50. ಏರಿಸಲು ಹೊರಟವನು ಕಂಪೆನಿಯವರು ಕೊಟ್ಟ 60ಕ್ಕಿಂತಲೂ ಹತ್ತು ಕೆಳಗಿಳಿದು ಕೂತ. ಪರದೆ ಅದಕ್ಕೂ ಒಪ್ಪಿತು.

ಆಟ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಚಿತ್ರ ನಿಲ್ಲಲಿಲ್ಲ. ಆದರೆ ಪ್ಲಗ್ಗಿನ ಕರೆಂಟು ತಪ್ಪಿದೊಡನೆ ಉಳಿತಾಯಕ್ಕೆಂದು ಪರದೆಯ ವೇಗ ಇಳಿಸುವ ಬುದ್ಧಿಯನ್ನು ಇಂಟೆಲ್‌ನವರು ಕೊಟ್ಟಿದ್ದಾರೆ. 50 ಇದ್ದದ್ದು 48 ಆಯಿತು. “ಮಾಣೀ, ಪುನಃ ಬಿಟ್ಟಿತು” ಎಂದರು ಮದ್ದಳೆಗಾರರು. ಅಳಿಯ ಸೆಟ್ಟಿಂಗ್ ಹುಡುಕಿ ಉಳಿತಾಯದ ಗುರುತನ್ನು ತೆಗೆಯುವಷ್ಟರಲ್ಲಿ ನಾನು ಇನ್ವರ್ಟರಿನ ಸ್ವಿಚ್ಚು ಒತ್ತಿ ಬಂದೆ.

“ಇದರದ್ದು ಎಷ್ಟು?” ಎಂದು ಅವರು ಇನ್ವರ್ಟರಿನ ಕಡೆ ಕೈ ತೋರಿಸಿದರು.

“ಅದೂ ಐವತ್ತೇ, ಮಾವ. ಅದರದ್ದೇ ಐವತ್ತು. ರಾಯಚೂರಿನದ್ದಲ್ಲ.”

“ಯಾರದ್ದಾದರೂ ಆಗಲಿ, ಒಂದು ಪದ್ಯ ಹಿಂದೆ ಹಾಕು. ನನ್ನ ಮದ್ದಳೆಯ ಬಿಡ್ತಿಗೆ ತಪ್ಪಿ ಹೋಯಿತು.”