ಭಾಯಿಜಾನ್ ಬಿಟ್ಟುಹೋದ ಮೀನುಗಳು

ನಮ್ಮ ಮನೆಯ ಹಾಲ್‌ನಲ್ಲಿ ಮೂರು ಅಡಿ ಉದ್ದದ ಒಂದು ಅಕ್ವೇರಿಯಂ ಇದೆ. ಅದು ನನ್ನದಲ್ಲ, ನನ್ನ ಅಣ್ಣನದು. ಮನೆಯಲ್ಲಿ ಉರ್ದು ಮಾತಾಡುವ ನಾವು ಅವರನ್ನು ಭಾಯಿಜಾನ್ ಎಂದೇ ಕರೆಯುತ್ತೇವೆ. ಅಬ್ಬುವಿಗೆ ಬೆನ್ನುನೋವು ಹೆಚ್ಚಾಗಿ ಅಂಗಡಿಯಲ್ಲಿ ಕೂರಲು ಆಗದಿದ್ದಾಗ ಭಾಯಿಜಾನ್ ಬಿ.ಕಾಂ. ಅರ್ಧಕ್ಕೆ ಬಿಟ್ಟು ಕಳೆದ ಮಾರ್ಚ್‌ನಲ್ಲಿ ದಮ್ಮಾಮ್‌ಗೆ ಕೆಲಸಕ್ಕೆ ಹೋದರು. ಹೋಗುವ ದಿನ ನನಗೆ ಹೇಳಿದ್ದು ಎರಡೇ ಮಾತು: "ಚೆನ್ನಾಗಿ ಓದು. ಮೀನು ಮೊಟ್ಟೆ ಇಟ್ಟರೆ ಹೇಳು."

ಅವು ಏಂಜೆಲ್ ಮೀನುಗಳು. ಅಮೆಜಾನ್ ನದಿ ಪ್ರದೇಶದ ಇವು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿವೆ. ಆಸ್ಕರ್, ಡಿಸ್ಕಸ್ ಇವುಗಳೂ ಅದೇ ಕುಟುಂಬ. ನಮ್ಮ ಕರಾವಳಿಯ ಹೊಳೆಗಳಲ್ಲಿರುವ ಪರ್ಲ್‌ಸ್ಪಾಟ್ ಕೂಡ ಸಿಕ್ಲಿಡ್ಡೇ. ಈ ಮೀನುಗಳ ವಿಶೇಷವೆಂದರೆ ತಂದೆ ತಾಯಿ ಇಬ್ಬರೂ ಸೇರಿ ಮೊಟ್ಟೆ, ಮರಿಗಳನ್ನು ಕಾಯುತ್ತವೆ. ಏಂಜೆಲ್‌ನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ನೋಡಿ ಹೇಳುವುದು ಕಷ್ಟ. ಆದ್ದರಿಂದ ಭಾಯಿಜಾನ್ ಆರು ಮರಿಗಳನ್ನು ತಂದು ಒಟ್ಟಿಗೆ ಬೆಳೆಸಿದ್ದರು. ಅವೇ ಜೋಡಿ ಆರಿಸಿಕೊಳ್ಳಲಿ ಎಂದು. ಸುಮಾರು ಹತ್ತು ತಿಂಗಳಾದಾಗ ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಓಡಿಸತೊಡಗಿದವು. ಜೋಡಿಯನ್ನು ಉಳಿಸಿಕೊಂಡು ಮಿಕ್ಕ ನಾಲ್ಕನ್ನು ಅಂಗಡಿಗೆ ಕೊಟ್ಟರು. ಅಷ್ಟರಲ್ಲಿ ಅವರ ವೀಸಾ ಬಂತು.

ಏಪ್ರಿಲ್ ರಜೆಯಲ್ಲಿ ಒಂದು ದಿನ ಜೋಡಿ ಓರೆಯಾಗಿ ನಿಲ್ಲಿಸಿದ್ದ ಕಡಪ ಕಲ್ಲಿನ ತುಂಡನ್ನು ಬಾಯಿಯಿಂದ ಉಜ್ಜಿ ಉಜ್ಜಿ ಸ್ವಚ್ಛ ಮಾಡುತ್ತಿತ್ತು. ಮರುದಿನ ಅಸರ್ ನಮಾಜಿನ ನಂತರ ನೋಡಿದರೆ ಹೆಣ್ಣು ಮೀನು ಕಲ್ಲಿನ ಮೇಲೆ ಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತಿದೆ, ಗಂಡು ಹಿಂದೆಯೇ ಹೋಗುತ್ತಿದೆ! ನಾನು ಕಿರುಚಿಕೊಂಡೆ. ಅಮ್ಮಿಯನ್ನು ಕರೆದೆ, ಪಕ್ಕದ ಮನೆಯ ಮಕ್ಕಳನ್ನು ಕರೆದೆ. ಟಾರ್ಚ್ ಬಿಟ್ಟು ವಿಡಿಯೋ ಮಾಡಿ ಭಾಯಿಜಾನ್‌ಗೆ ಕಳಿಸಿದೆ. ಅವರು ಮೂರು ಸಲ ಫೋನ್ ಮಾಡಿದರು. ಅವರು ಹೋದ ಮೇಲೆ ಅಷ್ಟು ಸಂತೋಷದ ದನಿ ನಾನು ಕೇಳಿರಲಿಲ್ಲ.

ರಾತ್ರಿ ನಾನು ಕಾಮರ್ಸ್ ವಿದ್ಯಾರ್ಥಿಯ ಬುದ್ಧಿ ತೋರಿಸಿದೆ. ಇನ್ನೂರು ಮೊಟ್ಟೆ, ಮರಿಗೆ ಇಪ್ಪತ್ತು ರೂಪಾಯಿ, ಒಟ್ಟು ₹4,000 ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಎಂದರೆ ಇದೇ. ಫಜ್ರ್‌ಗೆ ಎದ್ದು ನೋಡಿದಾಗ ಕಲ್ಲು ಖಾಲಿ. ಒಂದೂ ಮೊಟ್ಟೆ ಇರಲಿಲ್ಲ. ಗದ್ದಲ, ಟಾರ್ಚ್ ಬೆಳಕು, ಗಾಜು ತಟ್ಟಿದ ಮಕ್ಕಳು ಇದರಿಂದೆಲ್ಲ ಹೆದರಿ ಮೀನುಗಳೇ ಮೊಟ್ಟೆ ತಿಂದಿದ್ದವು.

ಆ ದಿನ ಭಾಯಿಜಾನ್ ಫೋನ್ ಮಾಡಿ "ಮೊಟ್ಟೆ ಹೇಗಿವೆ?" ಎಂದರು. "ಚೆನ್ನಾಗಿವೆ" ಎಂದೆ. ಯಾಕೆ ಹಾಗೆ ಹೇಳಿದೆನೋ! ಮರುದಿನವೂ ಅದನ್ನೇ ಹೇಳಿದೆ. ನಾಲ್ಕನೇ ದಿನ "ಮರಿ ಆಗಿವೆ" ಎಂದೆ. ವಿಡಿಯೋ ಕಳಿಸು ಎಂದಾಗ ಫೋನ್ ಕ್ಯಾಮೆರಾ ಕೆಟ್ಟಿದೆ ಎಂದೆ. ಒಂದು ಸುಳ್ಳು ಮುಚ್ಚಲು ಇನ್ನೊಂದು. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ಸುಳ್ಳನ್ನು ನಿಜ ಮಾಡಬೇಕೆಂದು ಮೀನಿನ ಅಂಗಡಿಯ ಚಾಚಾ ಹತ್ತಿರ ಹೋಗಿ ಎಲ್ಲ ಕೇಳಿ ಬರೆದುಕೊಂಡೆ. ನೀರು 27ರಿಂದ 28 ಡಿಗ್ರಿ ಬಿಸಿ ಇರಬೇಕು. ಮರಿಗಳನ್ನು ಎಳೆದುಕೊಳ್ಳದ ಸ್ಪಾಂಜ್ ಫಿಲ್ಟರ್ ಬೇಕು. ರಾತ್ರಿ ಪೂರ್ತಿ ಕತ್ತಲು ಮಾಡದೆ ಒಂದು ಸಣ್ಣ ದೀಪ ಇಡಬೇಕು, ತಂದೆ ತಾಯಿಗೆ ಮೊಟ್ಟೆ ಕಾಣಬೇಕಲ್ಲ. ಎಲ್ಲಕ್ಕಿಂತ ಮುಖ್ಯ, ಹತ್ತಿರ ಹೋಗಿ ಕಾಡಬಾರದು. ನಾನು ತೊಟ್ಟಿಯ ಮೂರು ಬದಿಗೆ ರಟ್ಟು ಕಟ್ಟಿದೆ.

ಹನ್ನೆರಡು ದಿನಕ್ಕೆ ಮತ್ತೆ ಮೊಟ್ಟೆ ಇಟ್ಟವು. ಈ ಸಲ ತಿನ್ನಲಿಲ್ಲ, ಆದರೆ ಎರಡೇ ದಿನದಲ್ಲಿ ಹೆಚ್ಚಿನವು ಬೆಳ್ಳಗಾಗಿ ಬೂಸ್ಟು ಹಿಡಿದವು. ಚಾಚಾ ಕೇಳಿದ್ದು ಒಂದೇ ಪ್ರಶ್ನೆ: "ಯಾವ ನೀರು?" ದಾವಣಗೆರೆಯ ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಎಂದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅಂಥ ನೀರಿನಲ್ಲಿ ಏಂಜೆಲ್ ಬದುಕುತ್ತದೆ, ಆದರೆ ಮೊಟ್ಟೆ ಫಲಿಸುವುದು ಕಷ್ಟ. ಅಮೆಜಾನ್ ನೀರು ಮೆದು. ಅಷ್ಟರಲ್ಲಿ ಜೂನ್ ಬಂತು. ಮೊದಲ ಮಳೆಗೆ ತಾರಸಿ ತೊಳೆದುಹೋಗಲು ಬಿಟ್ಟು, ಆಮೇಲಿನ ಮಳೆನೀರನ್ನು ಡ್ರಮ್‌ನಲ್ಲಿ ಹಿಡಿದೆ. ಎರಡು ದಿನಕ್ಕೊಮ್ಮೆ ಒಂದೊಂದು ಬಕೆಟ್ ಹಳೆ ನೀರು ತೆಗೆದು ಮಳೆನೀರು ಹಾಕಿದೆ. ಒಮ್ಮೆಲೇ ಬದಲಿಸಿದರೆ ಮೀನಿಗೆ ಆಘಾತ.

ಮೂರನೇ ಸಲ ಮೊಟ್ಟೆ ಇಟ್ಟಾಗ ನಾನು ಯಾರನ್ನೂ ಕರೆಯಲಿಲ್ಲ. ಬಾಗಿಲ ಹತ್ತಿರ ಕುಳಿತು ದೂರದಿಂದ ನೋಡಿದೆ. ಎರಡೂ ಮೀನು ಸರದಿಯಲ್ಲಿ ರೆಕ್ಕೆಯಿಂದ ಮೊಟ್ಟೆಗಳಿಗೆ ಗಾಳಿ ಬೀಸುತ್ತಿದ್ದವು, ಕೆಟ್ಟ ಮೊಟ್ಟೆಯನ್ನು ಆರಿಸಿ ತೆಗೆಯುತ್ತಿದ್ದವು. ಮೂರನೇ ದಿನ ಕಲ್ಲಿನ ಮೇಲೆ ಸಣ್ಣ ಬಾಲಗಳು ಅಲುಗಾಡಿದವು. ಬಿದ್ದ ಮರಿಯನ್ನು ತಂದೆ ಬಾಯಲ್ಲಿ ಎತ್ತಿಕೊಂಡು ಮತ್ತೆ ಕಲ್ಲಿಗೆ ಅಂಟಿಸುತ್ತಿತ್ತು. ಇನ್ನೈದು ದಿನಕ್ಕೆ ಮರಿಗಳು ಈಜಿದವು. ಉಪ್ಪು ನೀರಿನಲ್ಲಿ ಗಾಳಿ ಬಿಟ್ಟು ಒಂದು ದಿನ ಇಟ್ಟರೆ ಒಡೆಯುವ ಆರ್ಟೀಮಿಯಾ ಎಂಬ ಸಣ್ಣ ಜೀವಿಯೇ ಅವುಗಳ ಮೊದಲ ಊಟ. ಕಾಲೇಜಿಗೆ ಬರುವ ಮೊದಲು, ಹೋದ ಮೇಲೆ, ಮಲಗುವ ಮೊದಲು ಹಾಕುತ್ತಿದ್ದೆ.

ಆ ಶುಕ್ರವಾರ ಭಾಯಿಜಾನ್‌ಗೆ ವಿಡಿಯೋ ಕಾಲ್ ಮಾಡಿ ಮರಿಗಳನ್ನು ತೋರಿಸಿದೆ. ಆಮೇಲೆ ಏಪ್ರಿಲ್‌ನ ಸುಳ್ಳನ್ನೂ ಹೇಳಿದೆ. ಹೇಳದಿದ್ದರೂ ಈಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ನಾನೂ ಅಮ್ಮಿಗೆ ಆಫೀಸ್ ಕೆಲಸ ಅಂತ ಹೇಳಿದ್ದೇನೆ. ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತೇನೆ" ಎಂದರು. ಮುಂದಿನ ವಾರ ಅವರೇ ಅಮ್ಮಿಗೆ ಹೇಳಿದರು. ಅಮ್ಮಿ ಅತ್ತರು, ಆದರೆ ಆಮೇಲೆ ಅವರು ಫೋನ್‌ನಲ್ಲಿ "ಊಟ ಆಯ್ತಾ" ಎನ್ನುವ ಮೊದಲು "ಬೆನ್ನು ನೋಯ್ತಿದೆಯಾ" ಎಂದು ಕೇಳುತ್ತಾರೆ.

ಕೊನೆಗೆ ನಾಣ್ಯದಷ್ಟು ಬೆಳೆದದ್ದು 43 ಮರಿಗಳು. 30 ಮರಿಗಳನ್ನು ₹12ರಂತೆ ಚಾಚಾಗೆ ಕೊಟ್ಟೆ: ₹360. ಹೀಟರ್ ₹450, ಆರ್ಟೀಮಿಯಾ ₹350, ಫಿಲ್ಟರ್ ₹180, ಒಟ್ಟು ಖರ್ಚು ₹980. ನಷ್ಟ ₹620. ಇದನ್ನು ನಮ್ಮ ಅಕೌಂಟೆನ್ಸಿ ಸರ್‌ಗೆ ತೋರಿಸಿದಾಗ ಅವರು ನಕ್ಕು, "ಹೀಟರ್, ಫಿಲ್ಟರ್ ಸ್ಥಿರಾಸ್ತಿ, ಸವಕಳಿ ಮಾತ್ರ ಬರೆಯಬೇಕು. ಉಳಿದ 13 ಮೀನು ಅಂತಿಮ ದಾಸ್ತಾನು, ಅದನ್ನೇ ಮರೆತಿದ್ದೀಯ" ಎಂದು ಕೆಂಪು ಶಾಯಿಯಲ್ಲಿ ತಿದ್ದಿದರು.

ಆ 13 ಮೀನುಗಳನ್ನು ನಾನು ಮಾರುವುದಿಲ್ಲ. ಭಾಯಿಜಾನ್ ರಜೆಗೆ ಬಂದಾಗ, ಇನ್‌ಶಾ ಅಲ್ಲಾಹ್, ಅವರೇ ಎಣಿಸಲಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ