ಯಾರದೋ ಬುಟ್ಟಿ, ಯಾರದೋ ಹಣ

ಕೊಳ್ಳುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು ಎಂಬುದು ಲೋಕದಲ್ಲಿ ಹೊಸತೇನೂ ಅಲ್ಲ. ಮನೆಯ ಹುಡುಗ ಚೀಟಿ ಹಿಡಿದು ಅಂಗಡಿಗೆ ಹೋಗುವುದು, ಅಂಗಡಿಯವನು ಸಾಮಾನು ಕಟ್ಟಿಕೊಟ್ಟು ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ತಿಂಗಳ ಮೊದಲ ವಾರದಲ್ಲಿ ಯಜಮಾನ ಹೋಗಿ ಬಾಕಿ ತೀರಿಸುವುದು, ಈ ಪದ್ಧತಿಯಲ್ಲಿ ಕನ್ನಡ ನಾಡಿನ ಎಷ್ಟೋ ಸಂಸಾರಗಳು ನಡೆದುಬಂದಿವೆ. ಯಜಮಾನನ ಕಣ್ಣು ನೇರವಾಗಿ ಮೊತ್ತದ ಮೇಲೆ ಬೀಳುತ್ತಿತ್ತು. ಸಾಲುಸಾಲಾಗಿ ಓದುವ ತಾಳ್ಮೆ ಅವನಿಗೆ ಇರುತ್ತಿರಲಿಲ್ಲ. ಓದಿದರೂ ಅಜ್ಜಿಯ ನಶ್ಯ, ಸೊಸೆ ಆಸೆಪಟ್ಟು ತರಿಸಿಕೊಂಡ ಮುಖದ ಪುಡಿ ಮೊದಲಾದವು ‘ಇತರೆ’ ಎಂಬ ಒಂದೇ ಪದದ ಮರೆಯಲ್ಲಿ ಅಡಗಿ ಕುಳಿತಿರುತ್ತಿದ್ದವು. ಏನನ್ನು ಬರೆಯಬೇಕು, ಏನನ್ನು ಬರೆಯಬಾರದು ಎಂಬುದು ಲೋಕಾನುಭವವುಳ್ಳ ಅಂಗಡಿಯವನಿಗೆ ಚೆನ್ನಾಗಿ ಗೊತ್ತಿತ್ತು.

ದೂರದಲ್ಲಿ ದುಡಿಯುವವರಿಗೆ ಅಂಚೆಯ ಆಸರೆಯಿತ್ತು. ಭಾರತದಲ್ಲಿ 1880ರಲ್ಲಿ ಮನಿಯಾರ್ಡರ್ ವ್ಯವಸ್ಥೆ ಬಂದಿತು. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇದ್ದ ಮಗನ ಹಣವನ್ನು ಅಂಚೆಯವನು ಹಳ್ಳಿಯ ಜಗಲಿಗೇ ತಂದು ಎಣಿಸಿಕೊಡುತ್ತಿದ್ದನು. ಫಾರಮಿನ ಒಂದು ತುಂಡಿನಲ್ಲಿ ನಾಲ್ಕು ಮಾತು ಬರೆಯಲು ಜಾಗವಿರುತ್ತಿತ್ತು. ಆ ನಾಲ್ಕು ಮಾತಿನಲ್ಲಿ ಕ್ಷೇಮಸಮಾಚಾರವೆಲ್ಲ ಮುಗಿಯಬೇಕು. ಬಂದ ಹಣದಲ್ಲಿ ಏನೇನು ಕೊಂಡಿರೆಂದು ಮಗ ಕೇಳುತ್ತಿರಲಿಲ್ಲ. ತಂದೆತಾಯಿಗಳು ಹೇಳುತ್ತಲೂ ಇರಲಿಲ್ಲ. ಕೊಡುವವರಿಗೂ ಕೊಳ್ಳುವವರಿಗೂ ನಡುವೆ ಹೀಗೆ ಒಂದು ತೆಳುವಾದ ತೆರೆ ಇತ್ತು.

ಆ ತೆರೆಯನ್ನು ಸರಿಸಿದ್ದು ಅಂತರ್ಜಾಲದ ಬುಟ್ಟಿ. ಬುಟ್ಟಿಯೆಂದರೆ ಬಿದಿರಿನದೂ ಅಲ್ಲ, ತಂತಿಯದೂ ಅಲ್ಲ. ಮೊಬೈಲಿನ ಗಾಜಿನ ಮೇಲೆ ಕಾಣುವ ಒಂದು ಚಿತ್ರ. ಆದರೂ ಅದಕ್ಕೊಂದು ವಂಶಾವಳಿಯಿದೆ. ಅಮೆರಿಕದ ಒಕ್ಲಹೋಮ ನಗರದಲ್ಲಿ ದಿನಸಿ ಅಂಗಡಿಗಳನ್ನು ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್ ಎಂಬಾತ, ಗಿರಾಕಿಗಳು ತೋಳು ನೋಯುವವರೆಗೆ ಮಾತ್ರ ಕೊಳ್ಳುತ್ತಾರೆಂಬುದನ್ನು ಕಂಡುಕೊಂಡು, 1937ರಲ್ಲಿ ಗಾಲಿಗಳ ಚೌಕಟ್ಟಿನ ಮೇಲೆ ಎರಡು ಬುಟ್ಟಿಗಳನ್ನು ಕೂರಿಸಿದನು. ಮೊದಮೊದಲು ಅದನ್ನು ತಳ್ಳಲು ಜನ ನಾಚಿಕೊಂಡರಂತೆ! ಮುಂದೆ 1984ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್ ಪಟ್ಟಣದಲ್ಲಿ ಜೇನ್ ಸ್ನೋಬಾಲ್ ಎಂಬ 72 ವರ್ಷದ ಅಜ್ಜಿ, ವೃದ್ಧರ ನೆರವಿಗಾಗಿ ರೂಪಿಸಿದ ಯೋಜನೆಯೊಂದರಲ್ಲಿ, ದೂರವಾಣಿ ತಂತಿಗೆ ಜೋಡಿಸಿದ ದೂರದರ್ಶನದ ಮುಂದೆ ಕುಳಿತು ಮೊಟ್ಟೆ, ಮಾರ್ಗರಿನ್ ಮತ್ತು ಕಾರ್ನ್‌ಫ್ಲೇಕ್ಸ್ ತರಿಸಿಕೊಂಡಳು. ಮನೆಯಿಂದಲೇ ಹೀಗೆ ಕೊಂಡವರಲ್ಲಿ ಮೊದಲಿಗಳೆಂದು ಅವಳನ್ನು ಹೇಳುತ್ತಾರೆ. ಸಾಮಾನು ಬಾಗಿಲಿಗೆ ಬಂದಾಗ ಅವಳು ಹಣವನ್ನು ತಾನೇ ಎಣಿಸಿಕೊಟ್ಟಳು. ಬುಟ್ಟಿ ತುಂಬಿದ ಕೈಯೂ ಹಣ ಕೊಟ್ಟ ಕೈಯೂ ಒಂದೇ ಆಗಿತ್ತು.

ಈಗ ಆ ಎರಡು ಕೈಗಳ ನಡುವೆ ಮುನ್ನೂರು ಮೈಲಿ ಅಂತರವಿದ್ದರೂ ಅಡ್ಡಿಯಿಲ್ಲ. ಚೀನಾದ ತಾವೊಬಾವೊ ಎಂಬ ಅಂತರ್ಜಾಲ ಮಾರುಕಟ್ಟೆಯಲ್ಲಿ ತಾನು ಆರಿಸಿದ ವಸ್ತುಗಳ ಬೆಲೆಯನ್ನು ತನ್ನ ಪರವಾಗಿ ಕೊಡುವಂತೆ ಇನ್ನೊಬ್ಬರಿಗೆ ಕೋರಿಕೆ ಕಳುಹಿಸುವ ಅನುಕೂಲವಿದೆ. ಇಲ್ಲಿಯ ಮನೆಗಳಲ್ಲಿ ಇನ್ನೂ ಸರಳವಾದ ಉಪಾಯ ನಡೆಯುತ್ತದೆ: ಒಂದೇ ಖಾತೆಯನ್ನು ಇಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲಿ ತೆರೆಯುತ್ತಾರೆ, ಒಬ್ಬರು ಬುಟ್ಟಿ ತುಂಬುತ್ತಾರೆ, ಇನ್ನೊಬ್ಬರು ಹಣ ತುಂಬುತ್ತಾರೆ.

ಸಾಗರದ ಸಮೀಪದ ಒಂದು ಮನೆಯಲ್ಲಿ ಈ ಏರ್ಪಾಡು ಒಂದು ವರ್ಷ ಚೆನ್ನಾಗಿಯೇ ನಡೆಯಿತು. ತಾಯಿ ಒಬ್ಬಳೇ ಇರುವ ಮನೆ. ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗ. ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ಎಲ್ಲಿ ಒತ್ತಿದರೆ ಏನಾದೀತೋ ಎಂಬ ಭಯ ಆಕೆಗೆ. ಆ ಭಯ ಅಕಾರಣವಾದುದೇನೂ ಅಲ್ಲ. ಹಣ ಪಡೆಯಲು ಗುಪ್ತ ಸಂಖ್ಯೆ ಒತ್ತಿರೆಂದು ನಂಬಿಸಿ ವೃದ್ಧರ ಗಂಟು ಲಪಟಾಯಿಸುವ ವಂಚಕರು ಹೇರಳವಾಗಿದ್ದಾರೆ. ಆದುದರಿಂದ ಆಕೆ ಆರಿಸುತ್ತಿದ್ದಳು, ಅವನು ಹಣ ಕಟ್ಟುತ್ತಿದ್ದನು. ಒಂದು ತಿಂಗಳು ಬುಟ್ಟಿಯಲ್ಲಿ ಅರ್ಧ ಕಿಲೋ ಕಾಫಿಪುಡಿಯ ಎರಡು ಪೊಟ್ಟಣಗಳಿದ್ದವು. ಮಗ ಕೆಲಸದ ನಡುವೆ ಫೋನು ಮಾಡಿ, “ಏನಮ್ಮಾ, ಒಬ್ಬಳಿಗೆ ಎರಡೆರಡು ಪೊಟ್ಟಣ ಕಾಫಿಪುಡಿ ಯಾಕೆ?” ಎಂದನು. ಆ ಮಾತಿನಲ್ಲಿ ಜಿಪುಣತನವಿರಲಿಲ್ಲ, ಬರಿಯ ಕುತೂಹಲ. ಕಾಫಿಯ ವಿಷಯದಲ್ಲಿ ಮಲೆನಾಡಿನ ತಾಯಿಯನ್ನು ಪ್ರಶ್ನಿಸುವುದು ಎಂಥ ಸಾಹಸವೆಂದು ಅವನಿಗೆ ಹೊಳೆಯಬೇಕಾಗಿತ್ತು. ಆಕೆ ನಕ್ಕು, “ಕೈತಪ್ಪಿ ಒತ್ತಿಬಿಟ್ಟೆ ಕಣೋ” ಎಂದಳು. ಒಂದು ಪೊಟ್ಟಣ ಬುಟ್ಟಿಯಿಂದ ಮಾಯವಾಯಿತು.

ಮರುತಿಂಗಳು ಬುಟ್ಟಿ ಚಿಕ್ಕದಾಯಿತು. ಅದರ ಮರುತಿಂಗಳು ಬರಿದಾಗಿಯೇ ಉಳಿಯಿತು. “ಮನೆಯಲ್ಲಿ ಎಲ್ಲ ಇದೆಯಪ್ಪಾ, ಏನೂ ಬೇಡ” ಎಂಬ ಉತ್ತರ ಬಂದಿತು. ಮಗ ಅದನ್ನು ನಂಬಿದನು. ನಂಬುವುದು ಸುಲಭವಾಗಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಅವನಿಗೆ ಕಂಡ ನೋಟವೇ ಬೇರೆ. ಬೆಳಿಗ್ಗೆ ಹಾಲು ತಂದವಳಿಗೆ ಒಂದು ಲೋಟ, ಅಡಕೆ ಕೊನೆ ಇಳಿಸಲು ಬಂದ ನಾಲ್ವರಿಗೆ ನಾಲ್ಕು ಲೋಟ, ಮೀಟರು ನೋಡಲು ಬಂದವನಿಗೆ ಒಂದು, ಮಾತನಾಡಲೆಂದೇ ಬಂದ ನೆರೆಮನೆಯ ಅಜ್ಜನಿಗೆ ಎರಡು. ಒಂಟಿ ಮನೆಯ ಜಗಲಿಗೆ ಜನ ಬರುತ್ತಿದ್ದುದು ಆ ಕಾಫಿಯ ಘಮಲಿಗೆ. ಅಡಿಗೆಮನೆಯ ನಾಗಂದಿಗೆಯ ಮೇಲೆ ಊರಿನ ಅಂಗಡಿಯಿಂದ ತಂದ ನೂರು ಗ್ರಾಮಿನ ಕಾಫಿಪುಡಿಯ ಪೊಟ್ಟಣಗಳಿದ್ದವು. ಗಂಡನ ಕಾಲಾನಂತರ ಬರುತ್ತಿದ್ದ ಸಣ್ಣ ಪಿಂಚಣಿಯಲ್ಲಿ ಕೊಂಡವು ಅವು. ಕಾಫಿಪುಡಿಯ ಲೆಕ್ಕ ಕೇಳಿಸಿಕೊಳ್ಳುವುದಕ್ಕಿಂತ ಐವತ್ತು ಮೆಟ್ಟಿಲಿಳಿದು ಅಂಗಡಿಗೆ ಹೋಗುವುದೇ ಮೇಲೆಂದು ಆಕೆ ಎಣಿಸಿದ್ದಳು. ಮಂಡಿನೋವಿನ ಎಣ್ಣೆಯ ಬಾಟಲಿ ಖಾಲಿಯಾಗಿ ಎಷ್ಟು ದಿನವಾಗಿತ್ತೋ! ಮಗ ಏನನ್ನೂ ಕೇಳಲಿಲ್ಲ. ಕೇಳಿ ಆದುದೇ ಸಾಕಾಗಿತ್ತು.

2016ರಲ್ಲಿ ಆರಂಭವಾದ ಯುಪಿಐ ಪಾವತಿ ವ್ಯವಸ್ಥೆಗೆ 2024ರಲ್ಲಿ ‘ಯುಪಿಐ ಸರ್ಕಲ್’ ಎಂಬ ಸೌಲಭ್ಯ ಸೇರಿತು. ಖಾತೆಯುಳ್ಳವನು ತನ್ನ ನಂಬಿಕೆಯ ಐವರವರೆಗೆ, ತನ್ನ ಖಾತೆಯಿಂದಲೇ ಅಂಗಡಿಗಳಿಗೆ ಹಣ ಕೊಡುವ ಅಧಿಕಾರವನ್ನು ನೀಡಬಹುದು. ಇದರಲ್ಲಿ ಎರಡು ಬಗೆ. ಒಂದರಲ್ಲಿ ಪೂರ್ಣ ಅಧಿಕಾರ: ಆಗ ಗೊತ್ತುಪಡಿಸಿದ ಮಿತಿಯಂತೆ, ಒಂದು ಸಲಕ್ಕೆ 5,000 ರೂಪಾಯಿ ಹಾಗೂ ತಿಂಗಳಿಗೆ 15,000 ರೂಪಾಯಿ ಮೀರದಂತೆ, ಪ್ರತಿ ಸಲವೂ ಕೇಳದೆ ಖರ್ಚು ಮಾಡಬಹುದು. ಇನ್ನೊಂದರಲ್ಲಿ ಪ್ರತಿಯೊಂದು ಪಾವತಿಗೂ ಖಾತೆದಾರನ ಒಪ್ಪಿಗೆ ಬೇಕು. ಅವನು ತನ್ನ ಗುಪ್ತ ಸಂಖ್ಯೆ ಒತ್ತಿದ ಮೇಲೆಯೇ ಹಣ ಹೋಗುತ್ತದೆ.

ಮಗ ಮೊದಲನೆಯ ಬಗೆಯನ್ನು ಮಾಡಿಕೊಟ್ಟು, ಎರಡು ದಿನ ಕೂತು ತಾಯಿಗೆ ಕಲಿಸಿ ಹಿಂದಿರುಗಿದನು. ಈಗ ಅವನ ಮೊಬೈಲಿಗೆ ಅಂಗಡಿಯ ಹೆಸರೂ ಮೊತ್ತವೂ ಬರುತ್ತವೆ. ಚೀಲದೊಳಗೆ ಏನಿತ್ತೆಂಬುದು ಬರುವುದಿಲ್ಲ. ಹಳೆಯ ಅಂಗಡಿಯವನ ‘ಇತರೆ’ ಯಂತ್ರದ ಮೂಲಕ ಮರಳಿ ಬಂದಂತಾಯಿತು.

ಅದೇ ಕೇರಿಯ ಇನ್ನೊಬ್ಬ ಮುದುಕಿಗೂ ಹೈದರಾಬಾದಿನಲ್ಲಿರುವ ಮಗ ಇದೇ ಪೂರ್ಣ ಅಧಿಕಾರ ಕೊಡಲು ಬಂದನು. ಆಕೆ ಒಪ್ಪಲಿಲ್ಲ, ಎರಡನೆಯ ಬಗೆಯೇ ಇರಲೆಂದು ಹಟ ಹಿಡಿದಳು. ಇಪ್ಪತ್ತು ರೂಪಾಯಿಯ ಸೊಪ್ಪು ಕೊಂಡರೂ ಅಲ್ಲಿ ಅವನ ಜೇಬು ಗುಣುಗುಟ್ಟಬೇಕು. ಒಪ್ಪಿಗೆಯ ಸಂಖ್ಯೆ ಒತ್ತಿದವನು, “ಏನಮ್ಮ, ಇವತ್ತು ಯಾವ ಸೊಪ್ಪು?” ಎಂದು ಹೇಗೂ ಫೋನು ಮಾಡುತ್ತಾನೆ. ಮನೆಯ ಹಿಂದೆ ಹರಿವೆ ಸೊಂಪಾಗಿ ಬೆಳೆದಿದ್ದರೂ ಆಕೆ ದಿನ ಬಿಟ್ಟು ದಿನ ಸೊಪ್ಪಿನಂಗಡಿಗೆ ಹೋಗುತ್ತಾಳೆ.