ಕಣಕಾಲಿನ ನೋವು ಮುಚ್ಚಿಡಬೇಡಿ

ಎರಡು ವರ್ಷಗಳ ಹಿಂದಿನ ಮಾತು. ಗಲಗಲಿಯ ಸಮೀಪದ ಒಂದು ಶಾಲೆಗೆ ಪ್ರಯೋಗದ ಪೆಟ್ಟಿಗೆ ತೆಗೆದುಕೊಂಡು ಹೋಗಿದ್ದೆ. ಮಧ್ಯಾಹ್ನದ ಊಟ ಮುಗಿದಿತ್ತು. ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂದಿದ್ದರಿಂದ ಮಕ್ಕಳೆಲ್ಲ ಮೈದಾನದಲ್ಲಿ ಓಡುತ್ತಿದ್ದರು. ಏಳನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಬೇವಿನ ಮರದ ಕೆಳಗೆ ಕುಳಿತು ಕಾಲು ಒತ್ತಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ತಟ್ಟನೆ ಎದ್ದು ನಿಂತಳು.

"ಏನಾಗೇತಿ ಕಾಲಿಗೆ?"

"ಏನಿಲ್ರಿ ಸರ್."

ಮತ್ತೊಮ್ಮೆ ಕೇಳಿದಾಗ ಮೆಲ್ಲಗೆ ಹೇಳಿದಳು: "ಓಡಿದ್ರ ಇಲ್ಲಿ ಭಾಳ ನೋಯ್ತೈತ್ರಿ. ಪಿ.ಟಿ. ಸರ್‌ಗೆ ಹೇಳಬ್ಯಾಡ್ರಿ, ನನ್ನ ಹೆಸರು ತಗದು ಬಿಡ್ತಾರ."

ಅವಳ ಅಣ್ಣ ಸೈನ್ಯದ ಭರತಿಗೆ ತಯಾರಿ ನಡೆಸಿದ್ದನಂತೆ. ನಮ್ಮ ಕಡೆ ನಸುಕಿನಲ್ಲಿ ಎದ್ದರೆ ಡಾಂಬರು ರಸ್ತೆಯ ಮೇಲೆ ಇಂಥ ಹುಡುಗರು 1600 ಮೀಟರ್ ಓಟದ ಅಭ್ಯಾಸ ಮಾಡುವುದು ಕಾಣುತ್ತದೆ. ಮೂರು ವಾರಗಳಿಂದ ಇವಳೂ ಒಂದು ದಿನವನ್ನೂ ಬಿಡದೆ ಅಣ್ಣನ ಹಿಂದೆ ಓಡುತ್ತಿದ್ದಳು.

ಅವಳ ಮಾತು ಕೇಳಿ ನನಗೆ ನನ್ನದೇ ಕಥೆ ನೆನಪಾಯಿತು.

ನಾನು ಮಾಡಿದ ತಪ್ಪು

ನಾನು ಗಲಗಲಿಯಲ್ಲಿ ಏಳನೆಯ ತರಗತಿ ಓದುತ್ತಿದ್ದುದು 1992ರಲ್ಲಿ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಆಗಿನ್ನೂ ನಮ್ಮದು ವಿಜಾಪುರ ಜಿಲ್ಲೆ. ಓಟಕ್ಕೆ ನನ್ನ ಹೆಸರು ಬಂದದ್ದೇ ತಡ, ಅಲ್ಲಿಯವರೆಗೆ ಒಂದು ದಿನವೂ ಓಡದಿದ್ದ ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಊರಿನಿಂದ ಕೃಷ್ಣಾ ಹೊಳೆಯವರೆಗೆ ಓಡತೊಡಗಿದೆ. ಎರಡನೆಯ ವಾರ ಕಣಕಾಲಿನ ಒಳಬದಿಯಲ್ಲಿ ನೋವು ಶುರುವಾಯಿತು. ಮೊದಮೊದಲು ಓಡುತ್ತ ಓಡುತ್ತ ನೋವು ಕಡಿಮೆಯಾಗುತ್ತಿತ್ತು. ಆಮೇಲೆ ಓಡಿದಷ್ಟೂ ಹೆಚ್ಚಾಯಿತು.

ಆಯಿ ಕೇಳಿದಾಗ "ಎಡವಿದೆ" ಎಂದು ಸುಳ್ಳು ಹೇಳಿದೆ. ನೆರೆಮನೆಯವರೊಬ್ಬರು "ಬರೆ ಹಾಕಿದ್ರ ಹೋಗ್ತದ" ಎಂದರು. ಕಾದ ಕಬ್ಬಿಣದ ಭಯಕ್ಕೆ ಕುಂಟುವುದನ್ನೂ ಮರೆಮಾಡಿದೆ. ಗುರುಗಳಿಗಂತೂ ಹೇಳಲೇ ಇಲ್ಲ. ಕ್ರೀಡಾಕೂಟದ ದಿನ ಅರ್ಧ ದಾರಿಯಲ್ಲಿ ಕಾಲು ಊರಲಾಗದೆ ಕುಳಿತುಬಿಟ್ಟೆ. ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಎಂದರು ವೈದ್ಯರು. ಮೂರು ತಿಂಗಳು ಆಟ ಬಂದ್! ನೋವು ಶುರುವಾದ ದಿನವೇ ಹೇಳಿದ್ದರೆ ಕೆಲವೇ ವಾರಗಳಲ್ಲಿ ಮುಗಿಯುತ್ತಿದ್ದ ಕಥೆ ಅದು.

ಮೂಳೆಯೂ ದಣಿಯುತ್ತದೆಯೇ?

ಮೊಣಕಾಲಿನಿಂದ ಪಾದದ ಕೀಲಿನವರೆಗಿನ ಭಾಗವೇ ಕಣಕಾಲು. ಅದರಲ್ಲಿ ಎರಡು ಮೂಳೆಗಳಿವೆ. ದಪ್ಪನೆಯದು ಟಿಬಿಯಾ, ತೆಳ್ಳನೆಯದು ಫಿಬುಲಾ. ತೊಡೆಯ ಮೂಳೆಯನ್ನು ಬಿಟ್ಟರೆ ದೇಹದಲ್ಲಿ ಉದ್ದವಾದದ್ದು ಟಿಬಿಯಾ. ಕಣಕಾಲಿನ ಮುಂದೆ, ಒಳಬದಿಗೆ ಕೈಯಾಡಿಸಿ. ಚರ್ಮದ ಕೆಳಗೇ ಗಟ್ಟಿಯಾಗಿ ಸಿಗುತ್ತದಲ್ಲ, ಅದೇ ಟಿಬಿಯಾ. ಅದರ ಒಳ ಅಂಚಿನ ಉದ್ದಕ್ಕೂ ಬರುವ ಈ ನೋವಿಗೆ ಕ್ರೀಡಾಪಟುಗಳು 'ಶಿನ್ ಸ್ಪ್ಲಿಂಟ್ಸ್' ಎನ್ನುತ್ತಾರೆ.

ಓಡುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಿಮ್ಮ ತೂಕ 40 ಕಿಲೋ ಇದ್ದರೆ ಸುಮಾರು ಒಂದು ಕ್ವಿಂಟಲ್ ಜೋಳದ ಚೀಲದಷ್ಟು! ಹೆಜ್ಜೆಗೆ ಒಂದು ಮೀಟರ್ ಎಂದು ಹಿಡಿದರೆ 1600 ಮೀಟರ್ ಓಟದಲ್ಲಿ ಒಂದೊಂದು ಕಾಲಿಗೆ 800 ಸಲ ಈ ಪೆಟ್ಟು. ಪ್ರತಿ ಸಲವೂ ಟಿಬಿಯಾ ಕಣ್ಣಿಗೆ ಕಾಣದಷ್ಟು ಬಾಗುತ್ತದೆ.

ತೆಳುವಾದ ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸುತ್ತ ಹೋಗಿ. ಸ್ವಲ್ಪ ಹೊತ್ತಿನಲ್ಲಿ ತುಂಡಾಗುತ್ತದೆ. ಹಾಗಾದರೆ ಮೂಳೆ ಏಕೆ ತುಂಡಾಗುವುದಿಲ್ಲ? ಏಕೆಂದರೆ ತಂತಿ ನಿರ್ಜೀವ, ಮೂಳೆ ಸಜೀವ. ಅದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ.

ಈ ಉತ್ತರ ನನಗೆ ಸಿಕ್ಕಿದ್ದು ಎಂ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದುವಾಗ. ಮೂಳೆಯಲ್ಲಿ ಎರಡು ಬಗೆಯ ಕೆಲಸಗಾರ ಜೀವಕೋಶಗಳಿವೆ. ಆಸ್ಟಿಯೋಕ್ಲಾಸ್ಟ್‌ಗಳು ಸವೆದ ಭಾಗವನ್ನು ಕೆರೆದು ತೆಗೆಯುತ್ತವೆ. ಆಸ್ಟಿಯೋಬ್ಲಾಸ್ಟ್‌ಗಳು ಅಲ್ಲಿ ಹೊಸ ಮೂಳೆ ಕಟ್ಟುತ್ತವೆ. ಕೆರೆಯುವ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಕಟ್ಟುವ ಕೆಲಸಕ್ಕೆ ಮಾತ್ರ ತಿಂಗಳುಗಳು ಬೇಕು. ಹೊಸದಾಗಿ ಓಡಲು ಶುರುಮಾಡಿದವರ ಮೂಳೆ ಈ ನಡುವಿನ ಕಾಲದಲ್ಲಿ ತುಸು ದುರ್ಬಲವಾಗಿರುತ್ತದೆ. ಎರಡು-ಮೂರು ವಾರ ಓಡಿದ ಮೇಲೆ ನೋವು ಬರುವುದರ ಗುಟ್ಟು ಇಲ್ಲಿದೆ.

ಕಬ್ಬಿನ ಹಂಗಾಮಿನಲ್ಲಿ ನಮ್ಮೂರ ರಸ್ತೆ ನೋಡಿದ್ದೀರಲ್ಲ? ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಗಲು-ರಾತ್ರಿ ಓಡಿದರೆ ರಸ್ತೆ ಕಿತ್ತುಹೋಗುತ್ತದೆ. ದುರಸ್ತಿ ಆಗಬೇಕಾದರೆ ಕೆಲವು ದಿನ ಟ್ರ್ಯಾಕ್ಟರು ನಿಲ್ಲಬೇಕು. ಕಾಲಿನ ಲೆಕ್ಕವೂ ಅಷ್ಟೇ. ಆದರೆ ಒಂದು ವ್ಯತ್ಯಾಸವಿದೆ: ದುರಸ್ತಿಯಾದ ಮೂಳೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಭಾರಕ್ಕೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ತಮ್ಮ ಗ್ರಂಥದಲ್ಲಿ ವಿವರಿಸಿದರು. ಟೆನಿಸ್ ಆಟಗಾರರ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿರುತ್ತದೆ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳ ಮೂಳೆ ಸವೆಯುತ್ತದೆ. ಅಂದರೆ ಮೂಳೆಗೆ ಕೆಲಸವೂ ಬೇಕು, ಬಿಡುವೂ ಬೇಕು.

ಹಾಗಾದರೆ ಏನು ಮಾಡಬೇಕು?

ಆ ಹುಡುಗಿಯನ್ನು ಕರೆದುಕೊಂಡು ಪಿ.ಟಿ. ಸರ್ ಬಳಿಗೇ ಹೋದೆ. ಅವರು ಬೈಯಲಿಲ್ಲ. "ಮೊದಲೇ ಹೇಳಬಾರದೇನವಾ?" ಎಂದರು. ಮೂವರೂ ಕುಳಿತು ಒಂದು ಯೋಜನೆ ಮಾಡಿದೆವು.

ಮೊದಲನೆಯದು, ಓಟ ಮತ್ತು ಜಿಗಿತ ಕೆಲವು ವಾರ ಬಂದ್. ಹಾಗೆಂದು ಮಲಗಿರಬೇಕಿಲ್ಲ. ನೋವಾಗದಿದ್ದರೆ ಸೈಕಲ್ ತುಳಿಯಬಹುದು. ಸೈಕಲ್‌ನಲ್ಲಿ ಉಸಿರಾಟಕ್ಕೂ ತೊಡೆಗೂ ಕೆಲಸ ಸಿಗುತ್ತದೆ, ಕಣಕಾಲಿಗೆ ಪೆಟ್ಟು ಬೀಳುವುದಿಲ್ಲ. ಈಜೂ ಒಳ್ಳೆಯದೇ. ಆದರೆ ಹೊಳೆಗೆ ಇಳಿಯಬೇಡಿ, ಕೃಷ್ಣೆಯಲ್ಲಿ ಸೆಳವಿದೆ, ಮೊಸಳೆಗಳೂ ಇವೆ.

ಎರಡನೆಯದು, ನೋವಿದ್ದಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10-15 ನಿಮಿಷ ಇಡುವುದು. ಮಂಜುಗಡ್ಡೆ ಇಲ್ಲದಿದ್ದರೆ ಗಡಿಗೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸಾಕು. ಇದರಿಂದ ನೋವು ತಗ್ಗುತ್ತದೆ ಅಷ್ಟೇ. ಮೂಳೆ ಕಟ್ಟಲು ಕಾಲವೇ ಬೇಕು. ನೋಯುವ ಮೂಳೆಯನ್ನು ಜೋರಾಗಿ ತಿಕ್ಕಬಾರದು. ಬರೆಯಂತೂ ಬೇಡವೇ ಬೇಡ. ಅದರಿಂದ ಸುಟ್ಟ ಗಾಯವಾಗುತ್ತದೆಯೇ ಹೊರತು ಮೂಳೆ ಕೂಡುವುದಿಲ್ಲ.

ಮೂರನೆಯದು, ನಡೆದರೆ ನೋವಿಲ್ಲ, ಒಂಟಿಕಾಲಿನಲ್ಲಿ ಕುಪ್ಪಳಿಸಿದರೂ ನೋವಿಲ್ಲ ಎಂದಾದ ಮೇಲೆ ಮತ್ತೆ ಓಟ. ಮೊದಲು ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ. ಒಂದು ದಿನ ಓಡಿದರೆ ಮರುದಿನ ಬಿಡುವು. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಓಡುವ ನೆಲ, ದೂರ, ವೇಗ ಈ ಮೂರನ್ನೂ ಒಮ್ಮೆಲೇ ಬದಲಿಸಬಾರದು. ಹರಿದ, ಸವೆದ ಬೂಟು ಬೇಡ.

ಯುಗಾದಿಗೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ದೊಡ್ಡವರಿಗೂ ಇದೇ ಮಾತು. ಅಭ್ಯಾಸವಿಲ್ಲದೆ ಹೊರಟವರಿಗೆ ಕಣಕಾಲು ನೋಯುತ್ತದೆ. ಕೆಲವು ವಾರ ಮೊದಲಿನಿಂದ ದಿನವೂ ತುಸು ತುಸು ಹೆಚ್ಚು ನಡೆದವರ ಕಾಲು ತಯಾರಾಗಿರುತ್ತದೆ.

ಊಟವೂ ಮುಖ್ಯ. ಆಸ್ಟಿಯೋಬ್ಲಾಸ್ಟ್‌ಗಳಿಗೆ ಕ್ಯಾಲ್ಸಿಯಂ ಬೇಕಲ್ಲವೇ? ಹಾಲು, ಮೊಸರು, ಸೊಪ್ಪು, ಎಳ್ಳಿನ ಚಟ್ನಿ ಬಿಡಬೇಡಿ. ಬಿಸಿಲಿನಲ್ಲಿ ಆಡಿದರೆ ಚರ್ಮದಲ್ಲಿ ತಯಾರಾಗುವ ವಿಟಮಿನ್ ಡಿ ಆ ಕ್ಯಾಲ್ಸಿಯಂ ದೇಹಕ್ಕೆ ಸೇರಲು ನೆರವಾಗುತ್ತದೆ.

ಮಾಡಿ ನೋಡಿ

ಗೋಡೆ ಹಿಡಿದು ನಿಂತು ಹಿಮ್ಮಡಿಗಳನ್ನು ನಿಧಾನವಾಗಿ ಮೇಲೆತ್ತಿ, ನಿಧಾನವಾಗಿ ಇಳಿಸಿ. ಹೀಗೆ ಹತ್ತು ಸಲ. ಆಮೇಲೆ ಹಿಮ್ಮಡಿಯ ಮೇಲಷ್ಟೇ ಹತ್ತು ಹೆಜ್ಜೆ ನಡೆಯಿರಿ. ಮೊದಲನೆಯದರಲ್ಲಿ ಕಾಲಿನ ಹಿಂಬದಿಯ ಮೀನಖಂಡ ಬಿಗಿಯುತ್ತದೆ. ಎರಡನೆಯದರಲ್ಲಿ ಯಾವ ಸ್ನಾಯು ಬಿಗಿಯುತ್ತದೆ? ಮುಟ್ಟಿ ನೋಡಿ ಬರೆಯಿರಿ. ಈ ಸ್ನಾಯುಗಳು ಗಟ್ಟಿಯಾದಷ್ಟೂ ಮೂಳೆಗೆ ನೆರವು ಹೆಚ್ಚು. ನೋವಿದ್ದವರು ಇದನ್ನು ಮಾಡಬೇಡಿ.

ಎಚ್ಚರಿಕೆ

ಬೆರಳ ತುದಿಯಿಂದ ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದರೆ, ಸುಮ್ಮನೆ ಕುಳಿತಾಗ ಅಥವಾ ರಾತ್ರಿ ಮಲಗಿದಾಗಲೂ ನೋವಾದರೆ, ಬಾವು ಬಂದರೆ, ಪಾದ ಜೋಮು ಹಿಡಿದರೆ, ಜ್ವರವೂ ಇದ್ದರೆ ಮನೆಯವರಿಗೆ ಹೇಳಿ ಬೇಗನೆ ವೈದ್ಯರಲ್ಲಿಗೆ ಹೋಗಿ. ನನ್ನ ಮೂಳೆಯಂತೆ ಬಿರುಕು ಬಿಟ್ಟಿರಬಹುದು.

ಆ ವರ್ಷದ ತಾಲ್ಲೂಕು ಕ್ರೀಡಾಕೂಟದಲ್ಲಿ ಆ ಹುಡುಗಿ ಓಡಲಿಲ್ಲ. ಗೆಳತಿಯರ ಚಪ್ಪಲಿ ಕಾಯುತ್ತ ಗೆರೆಯ ಹೊರಗೆ ನಿಂತಿದ್ದಳು. ಅವಳ ಮುಖ ನೋಡಿ ನನಗೂ ಕೆಡುಕೆನಿಸಿತು. ಮರುವರ್ಷ ಎಂಟನೆಯ ತರಗತಿಯಲ್ಲಿದ್ದಾಗ ಓಡಿದಳು. ಓಟ ಮುಗಿಸಿ ಏದುಸಿರು ಬಿಡುತ್ತ ನನ್ನ ಹತ್ತಿರ ಬಂದಳು.

"ನಾಕನೇ ನಂಬರ್ ಬಂದೇನ್ರಿ ಸರ್. ಬಹುಮಾನ ಇಲ್ಲ. ಆದ್ರ ಕಾಲು ನೋಯಲಿಲ್ರಿ!"

ಮಕ್ಕಳೇ, ನಿಮ್ಮ ಕಾಲು ನೋಯುತ್ತಿದ್ದರೆ ಇವತ್ತೇ ನಿಮ್ಮ ಗುರುಗಳಿಗೆ ಹೇಳುತ್ತೀರಲ್ಲ?